ಗೆರೆಯ ಎರಡು ಕಡೆ

ಗುಂಡ್ಯದಿಂದ ಸುಬ್ರಹ್ಮಣ್ಯವನ್ನು ಹಾದು ಸುಳ್ಯದತ್ತ ಸಾಗುವ ಪ್ರಯಾಣಿಕನಿಗೆ, ಈ ಸೀಮೆಯ ಮೇಲೆ ಒಮ್ಮೆ ಹೊಸ ಗಡಿಯೊಂದು ಬಿದ್ದು ರಕ್ತ ಹರಿದ ಸಂಗತಿ ಹೊಳೆಯಲಾರದು. 1834ರಲ್ಲಿ ಕೊಡಗಿನ ದೊರೆ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪನಿ ಸರ್ಕಾರವು, ಅಮರ ಸುಳ್ಯ ಸೀಮೆಯನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಾಣ್ಯದಲ್ಲಿ ತೆರಬೇಕಾಯಿತು. ಕಣಜದಲ್ಲಿ ಭತ್ತವಿದ್ದ ಒಕ್ಕಲಿನ ಕೈಯಲ್ಲಿ ನಾಣ್ಯವೆಲ್ಲಿಂದ ಬರಬೇಕು?

1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ರೈತರ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡಿತು. ಗೆರೆಯ ಆಚೆಯವರೂ ಈಚೆಯವರೂ ಅದರಲ್ಲಿ ಕೂಡಿದ್ದರು. ಇದನ್ನಡಗಿಸಲು ಪುತ್ತೂರಿಗೆ ಬಂದ ಕಲೆಕ್ಟರನ ಸಿಪಾಯಿಗಳು ಪೆಟ್ಟು ತಿಂದು ಮಂಗಳೂರಿಗೆ ಹಿಮ್ಮೆಟ್ಟಿದರು. ಏಪ್ರಿಲ್ 5ರಂದು ಮಂಗಳೂರೇ ದಂಡಿನ ಕೈವಶವಾಗಿ, ಬಾವುಟಗುಡ್ಡದ ಮೇಲೆ ಅವರ ಧ್ವಜವೇರಿತು. ಅದು 13 ದಿನಗಳ ಆಳ್ವಿಕೆ. ಬಳಿಕ ಕಂಪನಿಯ ಹೊಸ ಪಡೆಗಳು ಬಂದಿಳಿದವು.

ಜನರ ಬಾಯಲ್ಲಿ ಈ ಸಮರಕ್ಕೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರು ಉಳಿಯಿತು. ಕೊಳ್ಳೆಯೆಂಬ ಧ್ವನಿ ಅದರಲ್ಲಿದೆ. 2022ರಲ್ಲಿ ಅದೇ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಮೇಲೆ ಆ ಕಳಂಕ ತುಸು ತೊಳೆಯಿತೆನ್ನಬಹುದು. ಬಂಡಾಯದ ನಾಯಕರಲ್ಲಿ ಕೆಲವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯ ಕೋಟೆಯಲ್ಲಿ. ನೆಲವನ್ನು ಎರಡಾಗಿ ಸೀಳಿದ ಸರ್ಕಾರಕ್ಕೆ ನೇಣು ಬಿಗಿಯುವಾಗ ಗಡಿಯ ನೆನಪಾಗಲಿಲ್ಲ.