ಜನಮತಕ್ಕೆ ಬಾರದ ಪ್ರಶ್ನೆ

ಪ್ರಜಾಪ್ರತಿನಿಧಿಯು ಜನರಿಗೆ ತನ್ನ ದುಡಿಮೆಯನ್ನಷ್ಟೇ ಅಲ್ಲ, ತನ್ನ ವಿವೇಚನೆಯನ್ನೂ ಸಲ್ಲಿಸಬೇಕೆಂದು ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲ್ ನಗರದ ಮತದಾರರೆದುರು ವಾದಿಸಿದ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಈ ವಾದಕ್ಕೆ ನಾನು ಮಾರುಹೋಗಿದ್ದೆ. ದೆಹಲಿಯ ಸರ್ಕಾರಿ ಕಡತಗಳ ನಡುವೆ ಇಷ್ಟು ವರ್ಷ ಕಳೆದ ಮೇಲೆ ಅದಕ್ಕೊಂದು ಷರತ್ತು ಸೇರಿಸಬೇಕೆನಿಸುತ್ತದೆ: ವಿವೇಚನೆ ಪ್ರತಿನಿಧಿಯದಾಗಿರಲಿ, ಆದರೆ ಒಮ್ಮೆ ಕೊಟ್ಟ ಮಾತು ಜನರ ಸ್ವತ್ತು.

ಬ್ರಿಟನ್ನಿನ ಉದಾಹರಣೆಯನ್ನೇ ನೋಡೋಣ. ಯುರೋಪಿನ ಸಂವಿಧಾನ ಒಪ್ಪಂದವನ್ನು ಜನಮತಗಣನೆಗೆ ಒಡ್ಡುವುದಾಗಿ 2005ರ ಚುನಾವಣೆಯಲ್ಲಿ ಲೇಬರ್ ಪಕ್ಷ ವಚನವಿತ್ತಿತು. ಅದೇ ವರ್ಷ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್‌ನ ಜನ ಅದನ್ನು ತಿರಸ್ಕರಿಸಿದರು. ಅದರ ಬಹುಪಾಲು ಅಂಶಗಳು 2007ರ ಡಿಸೆಂಬರಿನಲ್ಲಿ ಲಿಸ್ಬನ್ ಒಪ್ಪಂದವಾಗಿ ಮರಳಿದಾಗ, ಇದು ಬೇರೆಯದೇ ಒಪ್ಪಂದವೆಂದು ಸರ್ಕಾರ ವಚನದಿಂದ ಜಾರಿಕೊಂಡಿತು. 2008ರ ಮಾರ್ಚ್‌ನಲ್ಲಿ ಕಾಮನ್ಸ್ ಸಭೆಯೂ ಜನಮತಗಣನೆ ಬೇಡವೆಂದಿತು. ಮತದಾನದಿಂದ ದೂರವಿರಬೇಕೆಂಬ ಪಕ್ಷದ ಆಜ್ಞೆಯನ್ನು ಮೀರಿ, ಲಿಬರಲ್ ಡೆಮೊಕ್ರಾಟ್ ಪಕ್ಷದ ಮೂವರು ಜನಮತಗಣನೆಯ ಪರ ನಿಂತು ಪಕ್ಷದ ಹೊಣೆಗಾರಿಕೆಗಳನ್ನು ತೊರೆದರು. ಒಪ್ಪಂದದ ಬಗ್ಗೆ ಅಭಿಪ್ರಾಯ ಏನೇ ಇರಲಿ, ಆ ಮೂವರ ನಡೆ ಗೌರವಾರ್ಹ.

ಹಾಗೆಂದು ಎಲ್ಲವನ್ನೂ ಮತಪೆಟ್ಟಿಗೆಗೆ ಒಪ್ಪಿಸುವುದೂ ಪರಿಹಾರವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಲಂಡನ್ ಹೊರತಾಗಿ ಪೊಲೀಸ್ ಆಯುಕ್ತರನ್ನು ಜನರೇ ಆರಿಸಲೆಂದು 2012ರ ನವೆಂಬರಿನಲ್ಲಿ ಚುನಾವಣೆ ನಡೆಯಿತು. ಮತ ಹಾಕಿದವರು ಸುಮಾರು ಶೇಕಡಾ 15 ಮಾತ್ರ. ಜನರಿಗೆ ಬೇಕಿದ್ದುದು ಇನ್ನೊಂದು ಮತಪತ್ರವಲ್ಲ, ತಮ್ಮ ಬೀದಿಯಲ್ಲಿ ಮುಖಪರಿಚಯವುಳ್ಳ ಒಬ್ಬ ಪೇದೆ ಎಂದು ನನ್ನ ಎಣಿಕೆ.

ಇವೆರಡಕ್ಕಿಂತ ದೊಡ್ಡ ವಚನಭಂಗವೊಂದು ಸದ್ದಿಲ್ಲದೆ ನಡೆದಿದೆ. ವೃದ್ಧರ ಆರೈಕೆಗೆ ಕುಟುಂಬಗಳು ತೆರಬೇಕಾದ ವೆಚ್ಚಕ್ಕೆ ಮಿತಿ ಹಾಕುವ ಕಾಯಿದೆ ಇಂಗ್ಲೆಂಡಿನಲ್ಲಿ 2014ರಲ್ಲೇ ಬಂತು. ಆ ಮಿತಿ ಜಾರಿಯಾಗದೆ ಮುಂದೂಡಲ್ಪಟ್ಟು, ಕೊನೆಗೆ ಕೈಬಿಟ್ಟುಹೋಯಿತು. 2021ರಲ್ಲಿ 86,000 ಪೌಂಡುಗಳ ಹೊಸ ಮಿತಿ ಘೋಷಿತವಾಯಿತು, ಅದೂ ಮುಂದಕ್ಕೆ ಹೋಗಿ 2024ರಲ್ಲಿ ರದ್ದಾಯಿತು. ಸ್ಕಾಟ್ಲೆಂಡ್ ಮಾತ್ರ 2002ರಿಂದಲೇ 65 ದಾಟಿದವರಿಗೆ ದೈನಂದಿನ ವೈಯಕ್ತಿಕ ಆರೈಕೆಯನ್ನು ಉಚಿತವಾಗಿ ನೀಡುತ್ತಿದೆ. ಲಿಸ್ಬನ್ ಒಪ್ಪಂದವನ್ನು ಐರ್ಲೆಂಡಿನ ಜನರ ಮುಂದೆ ಎರಡು ಬಾರಿ ಇಡಲಾಯಿತು. ಹಾಸಿಗೆ ಹಿಡಿದ ಮುದುಕಿಯ ಪ್ರಶ್ನೆಯನ್ನು ಯಾರ ಮುಂದೆಯೂ ಇಡಲಿಲ್ಲ.

ಈ ಮಾತು ನಮ್ಮ ಬಳಗಕ್ಕೆ ದೂರದ್ದಲ್ಲ. ಲಿಸ್ಬನ್ನಿನಲ್ಲಿ ಸಹಿ ಬಿದ್ದ ಆ ಡಿಸೆಂಬರಿನಲ್ಲೇ ನಮ್ಮ ಸಂಸತ್ತು ಹೆತ್ತವರ ಜೀವನಾಂಶದ ಕಾಯಿದೆಯನ್ನು ಅಂಗೀಕರಿಸಿತು. ಅಲಕ್ಷಿಸಿದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಗಳವರೆಗೆ ಕೊಡಿಸಲು ಅದರಲ್ಲಿ ಅವಕಾಶವಿದೆ. ಆದರೆ ನಮ್ಮಲ್ಲಿ ಅನೇಕರ ಕೊರತೆ ಹಣದ್ದಲ್ಲ. ಊರಿನಲ್ಲಿ ಒಬ್ಬಳೇ ಇರುವ ನನ್ನ ಅಮ್ಮನಿಗೆ ಪ್ರತಿ ರಾತ್ರಿ ಫೋನ್ ಮಾಡುತ್ತೇನೆ. ಎರಡು ಬಾರಿ ಗಂಟೆಯಾಗಿಯೂ ಆಕೆ ಎತ್ತದಿದ್ದರೆ, ಎರಡು ಸಾವಿರ ಕಿಲೋಮೀಟರಿನಾಚೆಯಿಂದ ನಾನು ಯಾರನ್ನು ಕೂಗಲಿ? ನೆರೆಮನೆಯವರ ಸೌಜನ್ಯದ ಮೇಲೆ ಒಂದು ನಾಡಿನ ವೃದ್ಧಾಪ್ಯ ನಿಲ್ಲಲಾರದು.

ಮುಂದಿನ ಸಲ ಮತ ಕೇಳಲು ಬರುವವರನ್ನು ನಾವು ಮೊದಲು ಕೇಳಬೇಕಾದುದು ಇದನ್ನೇ. ಉತ್ತರ ಸಿಕ್ಕರೆ, ಬರೆದಿಟ್ಟುಕೊಳ್ಳೋಣ.