ರಕ್ತ ‘ಪಾಸಿಟಿವ್’ ಎಂದರೆ ಅಲರ್ಜಿಯೇ?

ಬೇಸಿಗೆಯ ಗಾಳಿ ಎದ್ದರೆ ಕೋಲಾರ ಚಿನ್ನದ ಗಣಿ ಪ್ರದೇಶದ ಸೈನೈಡ್ ಗುಡ್ಡಗಳ ಹುಡಿ ಊರೊಳಗೆ ಹಾರುತ್ತದೆ. ಗಣಿ 2001ರಲ್ಲಿ ಮುಚ್ಚಿದರೂ ಗುಡ್ಡಗಳು ಉಳಿದಿವೆ. ಮಕ್ಕಳಿಗೆ ಸೀನು, ಕೆಮ್ಮು. ಕೆಜಿಎಫ್ ಇರಲಿ, ಬಂಗಾರಪೇಟೆ ಇರಲಿ, ಹೆತ್ತವರ ಬಾಯಲ್ಲಿ ಬರುವ ಮೊದಲ ಮಾತು ‘ಅಲರ್ಜಿ’. ಹತ್ತಾರು ಆಹಾರಗಳ ರಕ್ತಪರೀಕ್ಷೆ ಒಮ್ಮೆಗೇ ನಡೆಯುತ್ತದೆ. ವರದಿಯಲ್ಲಿ ಹಾಲು, ಕಡಲೆಕಾಯಿ, ಗೋಧಿ ‘ಪಾಸಿಟಿವ್’ ಎಂದು ಬಂದರೆ ಮಗುವಿನ ತಟ್ಟೆ ಬರಿದಾಗತೊಡಗುತ್ತದೆ.

ಈ ಪರೀಕ್ಷೆ ಅಳೆಯುವುದು ರೋಗವನ್ನಲ್ಲ. ‘ಐಜಿಇ’ ಎಂಬ ಪ್ರತಿಕಾಯವನ್ನು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಹೆಸರನ್ನು ಅಂಗೀಕರಿಸಿತು. ಪ್ರತಿಕಾಯ ಇದ್ದವರಿಗೆಲ್ಲ ಕಾಯಿಲೆ ಇರುವುದಿಲ್ಲ. ಗಣಿಯ ಹುಡಿ ಮೂಗು, ಗಂಟಲನ್ನು ನೇರವಾಗಿ ಕೆರಳಿಸಿದ್ದರೆ ಅದು ಈ ಪರೀಕ್ಷೆಗೆ ಸಿಗುವುದೂ ಇಲ್ಲ.

ಕರ್ನಾಟಕದಲ್ಲೇ ನಡೆದು 2016ರಲ್ಲಿ ಪ್ರಕಟವಾದ ಯೂರೋಪ್ರಿವಾಲ್ ಅಧ್ಯಯನ ಇದಕ್ಕೆ ಕನ್ನಡಿ. 24 ಆಹಾರಗಳಲ್ಲಿ ಒಂದಕ್ಕಾದರೂ ರಕ್ತದಲ್ಲಿ ಪ್ರತಿಕಾಯ ಇದ್ದ ವಯಸ್ಕರು ಶೇ 26.5, ಆಹಾರದ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ. ವಿದ್ಯಾರ್ಥಿಗಳು ಲೆಕ್ಕ ಹಾಕಲಿ: ಸಾವಿರ ಮಂದಿಯಲ್ಲಿ 265 ಮಂದಿ ‘ಪಾಸಿಟಿವ್’, ಅಲರ್ಜಿ 12 ಮಂದಿಗೆ. ಆ 12 ಮಂದಿಯೂ ಈ 265ರೊಳಗೇ ಇದ್ದರೂ, ಉಳಿದ 253 ಮಂದಿ ಸುಮ್ಮನೆ ಪಥ್ಯ ಮಾಡಬೇಕೇ?

ಹೀಗಾಗಲು ಒಂದು ಕಾರಣ ಸಸ್ಯಗಳ ಪ್ರೋಟೀನುಗಳಿಗೆ ಅಂಟಿಕೊಂಡ ಸಕ್ಕರೆಯ ಸರಪಳಿ. ಹುಲ್ಲಿನ ಪರಾಗದಲ್ಲೂ ಕಡಲೆಕಾಯಿಯಲ್ಲೂ ಇಂಥ ಸರಪಳಿಗಳಿವೆ. ಪರಾಗದಿಂದ ಹುಟ್ಟಿದ ಪ್ರತಿಕಾಯ ಪರೀಕ್ಷೆಯಲ್ಲಿ ಕಡಲೆಕಾಯಿಗೂ ಅಂಟುತ್ತದೆ. ತಿಂದಾಗ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪ್ರಯೋಗಾಲಯದಲ್ಲಿ ಈ ಸಕ್ಕರೆ ಪ್ರತಿಕಾಯಗಳನ್ನು ಮೊದಲೇ ತಡೆದು ಪರೀಕ್ಷಿಸಬಹುದು. ಇಡೀ ಕಡಲೆಕಾಯಿಯ ಬದಲು ‘ಅರಾ ಎಚ್ 2’ ಎಂಬ ಒಂದೇ ಪ್ರೋಟೀನಿಗೆ ಪ್ರತಿಕಾಯವಿದೆಯೇ ಎಂದು ನೋಡಿದರೆ ಉತ್ತರ ಇನ್ನೂ ನಿಖರ. ಅನುಮಾನ ಉಳಿದರೆ ಆಸ್ಪತ್ರೆಯಲ್ಲಿ ವೈದ್ಯರ ಎದುರೇ ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡುವುದೇ ಕೊನೆಯ ತೀರ್ಮಾನ. ‘ಐಜಿಜಿ’ ಪರೀಕ್ಷೆಯಾದರೋ ಆ ಆಹಾರ ತಿಂದಿದ್ದನ್ನಷ್ಟೇ ಹೇಳುತ್ತದೆ.

ಹಾಗೆಂದು ಉದಾಸೀನ ಸಲ್ಲದು. ಏನನ್ನಾದರೂ ತಿಂದ ಸ್ವಲ್ಪ ಹೊತ್ತಿಗೆ ಮೈಮೇಲೆ ದದ್ದು ಎದ್ದರೆ, ತುಟಿ ಊದಿದರೆ ಆ ಆಹಾರ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಹುಕಾಲ ಬಿಟ್ಟ ಆಹಾರವನ್ನು ಮನೆಯಲ್ಲೇ ಮತ್ತೆ ಕೊಡುವುದೂ ಅಪಾಯ. ಬಿಟ್ಟಿದ್ದರಿಂದಲೇ ಕೆಲವರಲ್ಲಿ ನಿಜವಾದ ಅಲರ್ಜಿ ತಲೆದೋರುತ್ತದೆ.

ಸೂಜಿ ಚುಚ್ಚಿಸುವ ಮೊದಲು ಒಂದು ನೋಟ್‌ಬುಕ್ ಇಡುವುದು ಒಳ್ಳೆಯದು. ಏನು ತಿಂದದ್ದು, ಎಷ್ಟು, ಎಷ್ಟು ನಿಮಿಷಕ್ಕೆ ಏನಾಯಿತು, ಅಂದು ಹುಡಿ ಎದ್ದಿತ್ತೇ—ಇಷ್ಟನ್ನು ಮಕ್ಕಳೇ ಬರೆದಿಡಬಲ್ಲರು. ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂದು ವೈದ್ಯರು ನಿರ್ಧರಿಸಲು ಆ ಪುಟಗಳೇ ಆಧಾರ.