ಗೇಮ್ ಕೋರ್ಸಿಗೆ ಸಾಲ ಮಾಡುವ ಮುನ್ನ

‘ಗೇಮ್ ಡಿಸೈನ್ ಕಲಿಯಿರಿ, ಕೆಲಸ ಗ್ಯಾರಂಟಿ’ ಎಂಬ ಜಾಹೀರಾತು ಈಗ ಹಳ್ಳಿ ಹುಡುಗರ ಫೋನಿಗೂ ಬರುತ್ತಿದೆ. ಬಿವಿಎ, ಬಿ.ಡಿಸೈನ್ ಮುಗಿಸಿದ ಮಕ್ಕಳು ಇನ್ನೊಂದು ಕೋರ್ಸಿಗೆ ಲಕ್ಷಗಟ್ಟಲೆ ಕೇಳಿದರೆ ಅಪ್ಪ-ಅಮ್ಮ ಏನು ಮಾಡಬೇಕು? ಕೆಲಸ ಸುಳ್ಳಲ್ಲ. ಆದರೆ ಅದು ಏನೆಂದು ತಿಳಿಯದೆ ದುಡ್ಡು ಕಟ್ಟಬೇಡಿ ಎಂಬುದು ನನ್ನ ಮಾತು.

ಗೇಮ್ ಕಂಪನಿಯಲ್ಲಿ ಚಿತ್ರ ಮಾಡುವವರು ಒಂದು ಕಡೆ, ಕೋಡ್ ಬರೆಯುವವರು ಇನ್ನೊಂದು ಕಡೆ. ಇಬ್ಬರ ನಡುವೆ ನಿಂತು ಕೆಲಸ ಮಾಡುವವರೇ ಟೆಕ್ನಿಕಲ್ ಆರ್ಟಿಸ್ಟ್.

ತೊಗಲು ಗೊಂಬೆಯಾಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೊಂಬೆಗೆ ಬಣ್ಣ ಹಚ್ಚಿದರೆ ಸಾಲದು. ಕೈ ಆಡಲು ಎಲ್ಲಿ ಕೀಲು ಬೇಕು, ಹಿಂದಿನ ದೀಪದ ಬೆಳಕಲ್ಲಿ ಬಣ್ಣ ಹೇಗೆ ಕಾಣುತ್ತದೆ ಎಂಬ ಲೆಕ್ಕವೂ ಬೇಕು. ಗೇಮಿನಲ್ಲಿ ಕೀಲು ಕೂಡಿಸುವ ಕೆಲಸಕ್ಕೆ ರಿಗ್ಗಿಂಗ್ ಎನ್ನುತ್ತಾರೆ. ನೀರು, ಕಬ್ಬಿಣ, ಚರ್ಮ ಬೆಳಕಿಗೆ ಹೇಗೆ ಹೊಳೆಯಬೇಕೆಂದು ಹೇಳುವ ಸಣ್ಣ ಪ್ರೋಗ್ರಾಂಗೆ ಶೇಡರ್ ಎನ್ನುತ್ತಾರೆ.

ಇನ್ನೊಂದು ಲೆಕ್ಕ ಸಮಯದ್ದು. ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದರೆ ಒಂದೊಂದಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ತಡವಾದರೆ ಆಟ ತಡವರಿಸುತ್ತದೆ. ಅದಕ್ಕೇ ಹತ್ತಿರದ ಮರಕ್ಕೆ ಸಾವಿರಾರು ತ್ರಿಕೋನ ಬಳಸಿದರೆ ದೂರದ ಮರಕ್ಕೆ ಕೆಲವೇ ಸಾಕು. ಕಡಿಮೆ ಬೆಲೆಯ ಫೋನಿನಲ್ಲೂ ಆಟ ಸರಾಗವಾಗಿ ಓಡುತ್ತಿದ್ದರೆ ಅದರ ಹಿಂದೆ ಇಂಥವರ ಕೈಯಿರುತ್ತದೆ.

ಡಿಸೈನ್ ಓದಿದವರಿಗೆ ಬಣ್ಣ, ಆಕಾರದ ಕಣ್ಣು ಇರುತ್ತದೆ. ಸಾಮಾನ್ಯವಾಗಿ ಇಲ್ಲದ್ದು ಪೈಥಾನ್ ಮತ್ತು ಗಣಿತ. ಎಸ್ಸೆಸ್ಸೆಲ್ಸಿಗೇ ಗಣಿತ ಬಿಟ್ಟವರು ತ್ರಿಕೋನಮಿತಿ, ವೆಕ್ಟರ್‌ಗೆ ಮತ್ತೆ ಕೂರಲೇಬೇಕು. ಕಲಿಯುವ ಸಾಧನಗಳಿಗೆ ಮಾತ್ರ ದುಡ್ಡು ಬೇಡ. ಬ್ಲೆಂಡರ್, ಗೊಡೋ ಎರಡೂ ಉಚಿತ. ಅನ್‌ರಿಯಲ್ ಎಂಜಿನ್ ಕಲಿಯಲೂ ಶುಲ್ಕವಿಲ್ಲ. ಊರಿನ ಒಂದು ಎತ್ತಿನ ಗಾಡಿ ಮಾಡಿ, ಅದಕ್ಕೆ ಕೀಲು ಕೂಡಿಸಿ, ಭಾರ ಇಳಿಸಿ, ಮೊದಲು ಹೇಗಿತ್ತು, ಆಮೇಲೆ ಹೇಗೆ ಓಡಿತು ಎಂದು ವಿಡಿಯೊ ಮಾಡಿ ತೋರಿಸಿದರೆ ಅದು ಸರ್ಟಿಫಿಕೇಟಿಗಿಂತ ಹೆಚ್ಚು ಮಾತಾಡುತ್ತದೆ. ಎಷ್ಟೋ ಜನ ಮೊದಲು 3ಡಿ ಆರ್ಟಿಸ್ಟ್ ಆಗಿ ಸೇರಿ, ನಂತರ ಈ ಕಡೆ ಬರುತ್ತಾರೆ.

ಗ್ಯಾರಂಟಿ ಎಂಬ ಮಾತನ್ನಂತೂ ನಂಬಬೇಡಿ. ಸಿನಿಮಾ ಎಫೆಕ್ಟ್ಸ್ ಮತ್ತು ಗೇಮ್ ಕೆಲಸ ಮಾಡುತ್ತಿದ್ದ ಟೆಕ್ನಿಕಲರ್ ಕಂಪನಿ 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೂ ಬಾಗಿಲು ಹಾಕಿತು. ನುರಿತವರೇ ಬೀದಿಗೆ ಬಿದ್ದರು.

ದುಡ್ಡು ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ. ಪಾಠ ಮಾಡುವವರು ಕೆಲಸ ಮಾಡಿದ ಯಾವ ಗೇಮ್ ಮಾರುಕಟ್ಟೆಗೆ ಬಂದಿದೆ? ಕಳೆದ ವರ್ಷದ ವಿದ್ಯಾರ್ಥಿಗಳು ಎಲ್ಲಿದ್ದಾರೆ, ಅವರ ಜೊತೆ ಮಾತಾಡಬಹುದೇ? ಕೋಡಿಂಗ್ ಎಷ್ಟು ತಿಂಗಳು? ಉತ್ತರ ಬರದಿದ್ದರೆ ಎದ್ದು ಬನ್ನಿ.

ಸರ್ಕಾರಕ್ಕೂ ಒಂದು ಮಾತು. ಅನಿಮೇಷನ್, ಗೇಮಿಂಗ್‌ಗೆಂದೇ 2012ರಲ್ಲಿ ನೀತಿ ತಂದ ದೇಶದ ಮೊದಲ ರಾಜ್ಯ ನಮ್ಮದು. ಈಗ 2024-29ರ ನೀತಿಯೂ ಇದೆ. ಆದರೆ ಸಾಫ್ಟ್‌ವೇರ್ ಉಚಿತವಾದರೂ ಅದನ್ನು ಓಡಿಸುವ ಕಂಪ್ಯೂಟರ್ ಉಚಿತವಲ್ಲ, ಫೋನಿನಲ್ಲಿ ಈ ಕೆಲಸ ಆಗುವುದೂ ಇಲ್ಲ. ಜಿಲ್ಲೆಗೊಂದು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಹತ್ತು ಕಂಪ್ಯೂಟರ್ ಇಟ್ಟು, ಸಂಜೆ ಹೊರಗಿನ ಮಕ್ಕಳಿಗೂ ಬಾಗಿಲು ತೆರೆಯಲಿ. ಕಲಿಕೆ ಸಾಲದಿಂದಲೇ ಶುರುವಾಗಬೇಕಿಲ್ಲ.